ಮೈಲ್ಸ್ ಯಾಕೆ ಜಮಾ ಆಗ್ತಿಲ್ಲ? ದಾವಣಗೆರೆ, ಚಿತ್ರದುರ್ಗದ ಹೊಸ ವಿಮಾನ ಪ್ರಯಾಣಿಕರಿಗೆ ಹಂತ ಹಂತದ ಮಾರ್ಗದರ್ಶಿ

"ಎರಡು ಸಲ ದುಬೈಗೆ ಹೋಗಿ ಬಂದ್ವಿ, ಖಾತೆಯಲ್ಲಿ ಒಂದು ಪಾಯಿಂಟೂ ಇಲ್ಲ." "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ್ವಿ, ಮೈಲ್ಸ್ ಅಂತ ಒಂದಿದೆ ಅನ್ನೋದು ಈಗ ಗೊತ್ತಾಯ್ತು." ನಮ್ಮ ಕಡೆಯವರ ದೂರು ಹೆಚ್ಚುಕಮ್ಮಿ ಇವೇ ಎರಡು. ಮೈಲ್ಸ್ ಅಥವಾ ಪಾಯಿಂಟ್ ಎಂದರೆ ವಿಮಾನಯಾನ ಕಂಪನಿಯ ಯೋಜನೆಗೆ ಸದಸ್ಯರಾಗಿ ಹಾರಿದಾಗ ನಿಮ್ಮ ಖಾತೆಗೆ ಜಮಾ ಆಗುವ ಅಂಕ, ಮುಂದೆ ಅದರಿಂದ ಟಿಕೆಟ್ ಪಡೆಯಬಹುದು. ವಿಚಾರಿಸಿದರೆ ಕಾರಣವೂ ಒಂದೇ. ಮಾಡಬೇಕಾದ್ದನ್ನೆಲ್ಲ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ ಮಾಡಿರುತ್ತಾರೆ. ಮೊದಲು ಕ್ರೆಡಿಟ್ ಕಾರ್ಡ್, ಆಮೇಲೆ ಟಿಕೆಟ್, ಆಮೇಲೆ ಸದಸ್ಯತ್ವ. ಹೆಸರು ಸರಿ ಇದೆಯಾ ಎಂದು ನೋಡುವುದು ಎಲ್ಲ ಮುಗಿದ ಮೇಲೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಹೆಸರು ಮೊದಲು, ಕಾರ್ಡ್ ಕೊನೆಗೆ.

ವರ್ಷಕ್ಕೆ ಒಂದೋ ಎರಡೋ ಸಲ ಸುತ್ತಾಡಲು, ಯಾತ್ರೆಗೆ, ಇಲ್ಲವೇ ಮಕ್ಕಳನ್ನು ನೋಡಲು ವಿಮಾನ ಹತ್ತುವವರಿಗಾಗಿ ಇದನ್ನು ಬರೆದಿದ್ದೇನೆ. ಕಂಪನಿ ಖರ್ಚಿನಲ್ಲಿ ವಾರಕ್ಕೊಮ್ಮೆ ಹಾರುವವರ ಲೆಕ್ಕ ಬೇರೆ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಮನೆಯವರೆಲ್ಲರ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತೋರಿಸುವ ಆಧಾರ್. ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್. ಮಗನ ಇಮೇಲ್, ಅಂಗಡಿಯ ಇಮೇಲ್ ಬೇಡ. ಇಮೇಲ್ ಯಾರದೋ ಅವರಿಗೇ ಒಟಿಪಿ ಹೋಗುತ್ತದೆ, ಪಾಯಿಂಟ್ ಬಳಸುವ ಹೊತ್ತಿಗೆ ಅವರು ಫೋನ್ ಎತ್ತುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್. ಪ್ರತಿಯೊಬ್ಬರ ಹೆಸರಿನ ಮುಂದೆ ಸದಸ್ಯತ್ವದ ನಂಬರ್ ಬರೆಯಲು ಒಂದು ಪುಟ ಸಾಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ.

ಹಂತ 1: ಎಲ್ಲಿಂದ, ಎಲ್ಲಿಗೆ ಎಂದು ಬರೆದುಕೊಳ್ಳಿ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ. ಹಾಗಾಗಿ ನಮಗೆ ಮೂರು ಬಾಗಿಲು. ಒಂದು, 2023ರಲ್ಲಿ ಶುರುವಾದ ಶಿವಮೊಗ್ಗ ವಿಮಾನ ನಿಲ್ದಾಣ. ಇನ್ನೊಂದು ಹುಬ್ಬಳ್ಳಿ. ಮತ್ತೊಂದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ. ವಿದೇಶಕ್ಕಾದರೆ ಬಹುಪಾಲು ದೇವನಹಳ್ಳಿಯೇ ಗತಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಒಳಗೆ ಹೊಕ್ಕುವ ಗೋಜೇ ಇಲ್ಲ.

ಮುಂದಿನ ಎರಡು ಮೂರು ವರ್ಷದಲ್ಲಿ ನಿಜವಾಗಿ ಆಗಬಹುದಾದ ಪ್ರಯಾಣ ಮಾತ್ರ ಬರೆಯಿರಿ. ಕಾಶಿ, ದೆಹಲಿ, ಸಿಂಗಪುರ, ಮಗನ ಮನೆ, ಯಾವುದಾದರೂ ಸರಿ. ಆಸೆಪಟ್ಟಿ ಬೇಡ. ಯಾವ ವಿಮಾನಯಾನದ ಸದಸ್ಯತ್ವ ಬೇಕು ಎಂಬುದನ್ನು ಈ ಪಟ್ಟಿಯೇ ಹೇಳುತ್ತದೆ.

ಹಂತ 2: ಒಂದು ಯೋಜನೆ, ಜಾಸ್ತಿ ಎಂದರೆ ಎರಡು

ಸದಸ್ಯತ್ವಕ್ಕೆ ದುಡ್ಡಿಲ್ಲ. ಹಾಗಂತ ಸಿಕ್ಕಿದ್ದಕ್ಕೆಲ್ಲ ಸೇರಿದರೆ ಐದು ಕಡೆ ಚೂರುಪಾರು ಪಾಯಿಂಟ್ ಬಿದ್ದಿರುತ್ತದೆ, ಯಾವುದರಿಂದಲೂ ಟಿಕೆಟ್ ಬರುವುದಿಲ್ಲ.

ಪ್ರಯಾಣ ಹೆಚ್ಚಾಗಿ ದೇಶದೊಳಗೇ, ಅದೂ ಹುಬ್ಬಳ್ಳಿ ಅಥವಾ ಶಿವಮೊಗ್ಗದಿಂದ ಎಂದಾದರೆ ಇಂಡಿಗೋ ಸಿಗುವುದೇ ಜಾಸ್ತಿ. ಅವರ ಯೋಜನೆ ಬ್ಲೂಚಿಪ್, 2024ರ ಕೊನೆಯಲ್ಲಿ ಬಂದದ್ದು. ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಮೊದಲು ಫ್ಲೈಯಿಂಗ್ ರಿಟರ್ನ್ಸ್ ಎಂದಿತ್ತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಹಳೆಯ ಕ್ಲಬ್ ವಿಸ್ತಾರ ಖಾತೆ ಇದ್ದವರು ಹೊಸದಾಗಿ ಸೇರುವ ಮೊದಲು ಆ ಇಮೇಲ್‌ನಲ್ಲೇ ಲಾಗಿನ್ ಆಗಲು ನೋಡಿ. ಒಬ್ಬರಿಗೆ ಎರಡು ಖಾತೆಯಾದರೆ ಮುಂದೆ ತಲೆನೋವು.

ವಿದೇಶಕ್ಕೆ ಹೋಗುವವರಿಗೆ ಒಕ್ಕೂಟದ ವಿಷಯ ಗೊತ್ತಿರಬೇಕು. ಹಲವು ವಿಮಾನಯಾನ ಕಂಪನಿಗಳು ಸೇರಿ ಗುಂಪು ಕಟ್ಟಿಕೊಂಡಿವೆ. ಒಂದರಲ್ಲಿ ಹಾರಿ ಇನ್ನೊಂದರ ಖಾತೆಗೆ ಮೈಲ್ಸ್ ಹಾಕಿಸಿಕೊಳ್ಳಬಹುದು. ಏರ್ ಇಂಡಿಯಾ, ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್, ಟರ್ಕಿಶ್, ಥಾಯ್ ಎಲ್ಲವೂ ಸ್ಟಾರ್ ಅಲಯನ್ಸ್. ಬ್ರಿಟಿಷ್ ಏರ್‌ವೇಸ್, ಕತಾರ್, ಮಲೇಷ್ಯಾ ಏರ್‌ಲೈನ್ಸ್ ಒನ್‌ವರ್ಲ್ಡ್ ಗುಂಪಿನವು. ಎಮಿರೇಟ್ಸ್ ಯಾವ ಗುಂಪಿನಲ್ಲೂ ಇಲ್ಲ, ಅದಕ್ಕೆ ಸ್ಕೈವಾರ್ಡ್ಸ್ ಎಂಬ ತನ್ನದೇ ಯೋಜನೆ. ಇಂಡಿಗೋ ಕೂಡ ಈ ಗುಂಪುಗಳ ಹೊರಗೇ ಇದೆ.

ಉದಾಹರಣೆಗೆ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋಗಿ, ಅಲ್ಲಿಂದ ಯುನೈಟೆಡ್ ಹಿಡಿದು ಮಗಳ ಊರಿಗೆ ಹೋಗುವ ತಂದೆ ತಾಯಿ ಎರಡೂ ವಿಮಾನಗಳ ಮೈಲ್ಸನ್ನು ಮಹಾರಾಜ ಕ್ಲಬ್‌ಗೇ ಹಾಕಿಸಬಹುದು. ಎರಡು ಹೊಸ ಖಾತೆ ತೆರೆಯುವುದು ಬೇಕಿಲ್ಲ.

ಒಂದು ಎಚ್ಚರಿಕೆ. ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಂದೇ ಅಲ್ಲ. ಎಕ್ಸ್‌ಪ್ರೆಸ್ ಸ್ಟಾರ್ ಅಲಯನ್ಸ್‌ನಲ್ಲಿ ಇಲ್ಲ. ಟಿಕೆಟ್ ಮೇಲೆ "ಆಪರೇಟೆಡ್ ಬೈ" ಎಂಬ ಸಾಲು ಇರುತ್ತದೆ, ನಿಜವಾಗಿ ಯಾರ ವಿಮಾನ ಎಂದು ಅದೇ ಹೇಳುವುದು. ದುಡ್ಡು ಕೊಡುವ ಮೊದಲು ಆ ಸಾಲು ಓದಿ.

ಹಂತ 3: ಹೆಸರು. ಅರ್ಧ ಜನ ಎಡವುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ. ಖಾತೆಯಲ್ಲಿರುವ ಹೆಸರಿಗೂ ಟಿಕೆಟ್‌ನಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಕಂಪ್ಯೂಟರ್ ಮೈಲ್ಸ್ ಹಾಕುವುದಿಲ್ಲ. ನಮ್ಮ ಕಡೆಯ ಹೆಸರುಗಳಲ್ಲಿ ತಾಳೆ ತಪ್ಪುವುದಂತೂ ಬಹಳ ಸುಲಭ.

ಎಚ್.ಎಸ್. ಬಸವರಾಜಪ್ಪ ಎಂಬೊಬ್ಬರು ಇದ್ದಾರೆ ಎಂದುಕೊಳ್ಳಿ. ಎಚ್ ಎಂದರೆ ಊರು, ಎಸ್ ಎಂದರೆ ಅಪ್ಪನ ಹೆಸರು. ಆಧಾರ್‌ನಲ್ಲಿ "ಬಸವರಾಜಪ್ಪ ಎಚ್ ಎಸ್". ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುವುದರಿಂದ ಊರಿನ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿದೆ. ಏಜೆಂಟ್ ಟಿಕೆಟ್‌ನಲ್ಲಿ "ಬಸವರಾಜ್" ಎಂದಷ್ಟೇ ಹಾಕಿದ್ದಾನೆ. ಒಬ್ಬರೇ ಮನುಷ್ಯ, ಕಂಪ್ಯೂಟರ್ ಲೆಕ್ಕದಲ್ಲಿ ಮೂವರು. ಇನ್ನು "ಅಪ್ಪ" ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಪಿ ಇದೆಯೋ ಎರಡು ಪಿ ಇದೆಯೋ, "ಶಿವಕುಮಾರ್" ಒಂದೇ ಪದವೋ ಎರಡು ಪದವೋ, ಮದುವೆಯಾದ ಮೇಲೆ ಹೆಂಗಸರ ಹೆಸರಿನ ಕೊನೆ ಬದಲಾಗಿದೆಯೋ, ಇವೂ ತೊಂದರೆ ಕೊಡುತ್ತವೆ.

ಹೀಗೆ ಮಾಡಿ. ಪಾಸ್‌ಪೋರ್ಟ್ ತೆರೆದು ಎದುರಿಗೆ ಇಟ್ಟುಕೊಳ್ಳಿ. ಗಿವನ್ ನೇಮ್ ಎಂಬಲ್ಲಿ ಏನಿದೆಯೋ ಅದನ್ನು ಮೊದಲ ಹೆಸರಿನ ಜಾಗದಲ್ಲಿ, ಸರ್‌ನೇಮ್ ಎಂಬಲ್ಲಿ ಏನಿದೆಯೋ ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಅಕ್ಷರ ಅಕ್ಷರ ನೋಡಿ ಹಾಕಿ. ಆಮೇಲೆ ಟಿಕೆಟ್ ಬುಕ್ ಮಾಡುವಾಗಲೂ ಅದನ್ನೇ ಹಾಕಿ. ಮನೆಯಲ್ಲಿ ಕರೆಯುವ ಹೆಸರು, ಅಂಗಡಿ ಬೋರ್ಡಿನ ಹೆಸರು ಬೇಡ.

ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮಲ್ಲಿ ಬಹಳ. ಅದಕ್ಕೆ ಒಂದೊಂದು ವಿಮಾನಯಾನದ್ದು ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನು ಎರಡು ಸಲ ಹಾಕಿ ಎನ್ನುತ್ತಾರೆ, ಕೆಲವರು ಬೇರೆ ರೀತಿ ಹೇಳುತ್ತಾರೆ. ಅವರ ವೆಬ್‌ಸೈಟ್ ನೋಡಿ, ಖಾತೆಗೂ ಟಿಕೆಟ್‌ಗೂ ಒಂದೇ ಪದ್ಧತಿ ಬಳಸಿ. ದುಬೈಗೆ ಹೋಗುವವರಿಗೆ ಇದು ಮೈಲ್ಸ್‌ಗಿಂತ ದೊಡ್ಡ ವಿಷಯ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲೇ ನಿಯಮ ತಂದಿದೆ. ಟಿಕೆಟ್ ಮಾಡುವ ಮೊದಲೇ ಇದನ್ನು ವಿಚಾರಿಸಿ.

ಖಾತೆಯಲ್ಲಿ ಹೆಸರು ತಪ್ಪಾಗಿದ್ದರೆ ಪ್ರಯಾಣಕ್ಕೆ ಮೊದಲೇ ಸರಿಪಡಿಸಿ. ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ, ದಿನ ಹಿಡಿಯುತ್ತದೆ.

ಹಂತ 4: ಮನೆಯ ಪ್ರತಿಯೊಬ್ಬರಿಗೂ ಬೇರೆ ಖಾತೆ

ಯಜಮಾನರು ನಾಲ್ಕು ಟಿಕೆಟ್ ಬುಕ್ ಮಾಡಿ ನಾಲ್ಕಕ್ಕೂ ತಮ್ಮ ನಂಬರನ್ನೇ ಹಾಕುತ್ತಾರೆ. "ದುಡ್ಡು ನಾನೇ ಕೊಟ್ಟಿದ್ದು, ಪಾಯಿಂಟ್ ನನಗೇ ಬರಬೇಕಲ್ವಾ?" ಬರುವುದಿಲ್ಲ. ಮೈಲ್ಸ್ ಸೇರುವುದು ಸೀಟಿನಲ್ಲಿ ಕೂತವರಿಗೆ, ದುಡ್ಡು ಕೊಟ್ಟವರಿಗಲ್ಲ. ಹೆಂಡತಿಗೆ, ಮಕ್ಕಳಿಗೆ, ಅಮ್ಮನಿಗೆ ಎಲ್ಲರಿಗೂ ಬೇರೆ ಬೇರೆ ನಂಬರ್ ಬೇಕು. ಮಡಿಲಲ್ಲಿ ಕೂರುವ ಎರಡು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ಮೈಲ್ಸ್ ಇಲ್ಲ.

ಹಾಗೆ ಹಂಚಿಹೋದದ್ದನ್ನು ಒಟ್ಟುಗೂಡಿಸಲು ಕೆಲವರು ಕುಟುಂಬದ ಖಾತೆ ಕೊಡುತ್ತಾರೆ. ಎಮಿರೇಟ್ಸ್‌ನಲ್ಲಿ ಮೈ ಫ್ಯಾಮಿಲಿ, ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೌಸ್‌ಹೋಲ್ಡ್ ಅಕೌಂಟ್ ಎಂದು ಕರೆಯುತ್ತಾರೆ. ನೀವು ಆರಿಸಿದ ಯೋಜನೆಯಲ್ಲಿ ಅಂಥದ್ದಿದ್ದರೆ ಪ್ರಯಾಣಕ್ಕೆ ಮೊದಲೇ ಎಲ್ಲರನ್ನೂ ಸೇರಿಸಿ.

ಹಂತ 5: ಟಿಕೆಟ್ ಬುಕ್ ಮಾಡುವಾಗ

ನೀವೇ ವೆಬ್‌ಸೈಟ್‌ನಲ್ಲಿ ಬುಕ್ ಮಾಡುವುದಾದರೆ ಪ್ರಯಾಣಿಕರ ವಿವರದ ಪುಟದಲ್ಲೇ ಫ್ರೀಕ್ವೆಂಟ್ ಫ್ಲೈಯರ್ ನಂಬರ್ ಎಂಬ ಜಾಗ ಇರುತ್ತದೆ, ಸದಸ್ಯತ್ವದ ನಂಬರ್ ಅಲ್ಲಿ ಹಾಕಿ. ಕೆಲವು ಯೋಜನೆಗಳಲ್ಲಿ ಬೇರೆ ಆ್ಯಪ್‌ಗಳ ಮೂಲಕ ಮಾಡಿದ ಬುಕಿಂಗ್‌ಗೆ ಪಾಯಿಂಟ್ ಇಲ್ಲ ಅಥವಾ ಕಮ್ಮಿ. ಅದನ್ನು ಮೊದಲೇ ಓದಿಕೊಳ್ಳಿ.

ಏಜೆಂಟ್ ಕೈಲಿ ಮಾಡಿಸುವುದಾದರೆ ಬಾಯಿ ಬಿಟ್ಟು ಕೇಳಬೇಕು. "ಸರ್, ಈ ನಂಬರ್ ಟಿಕೆಟ್‌ಗೆ ಸೇರಿಸಿ. ಮೊಬೈಲ್, ಇಮೇಲ್ ನಮ್ಮದೇ ಹಾಕಿ, ನಿಮ್ಮದು ಬೇಡ. ಯಾವ ಫೇರ್ ಕ್ಲಾಸ್ ಅಂತ ಹೇಳಿ." ಈ ಮೂರು ಮಾತು ಸಾಕು. ಏಜೆಂಟ್ ತನ್ನ ಮೊಬೈಲ್ ಹಾಕಿದರೆ ವಿಮಾನ ತಡವಾದ ಸುದ್ದಿಯೂ ಅವನಿಗೇ ಹೋಗುತ್ತದೆ. ನೀವು ಚಳ್ಳಕೆರೆಯಿಂದ ರಾತ್ರಿಯೇ ಹೊರಟಿರುತ್ತೀರಿ.

ಫೇರ್ ಕ್ಲಾಸ್ ಯಾಕೆ ಕೇಳಬೇಕು? ಎಕಾನಮಿ ಎಂದರೆ ಎಲ್ಲ ಒಂದೇ ಅಲ್ಲ. ಒಂದೇ ಸಾಲಿನ ಅಕ್ಕಪಕ್ಕದ ಸೀಟುಗಳು ಬೇರೆ ಬೇರೆ ಇಂಗ್ಲಿಷ್ ಅಕ್ಷರದ ದರ್ಜೆಯಲ್ಲಿ ಮಾರಾಟವಾಗಿರುತ್ತವೆ. ಏರ್ ಇಂಡಿಯಾ 2024ರಿಂದ ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಪಾಯಿಂಟ್ ಕೊಡುತ್ತಿದೆ. ಆದರೆ ಜೊತೆಗಾರ ಕಂಪನಿಯ ವಿಮಾನದಲ್ಲಿ ಹಾರಿದಾಗ ಸಾಮಾನ್ಯವಾಗಿ ದೂರ ಮತ್ತು ದರ್ಜೆ ಎರಡನ್ನೂ ನೋಡುತ್ತಾರೆ. ಬೆಂಗಳೂರು–ಸಿಂಗಪುರ ಸುಮಾರು 2,000 ಮೈಲಿ. ಶೇ 100ರ ದರ್ಜೆಯಾದರೆ ಅಷ್ಟೂ ಬರುತ್ತದೆ, ಶೇ 25ರ ದರ್ಜೆಯಾದರೆ 500 ಮಾತ್ರ, ತೀರಾ ಅಗ್ಗದ ದರ್ಜೆಗೆ ಸೊನ್ನೆ. ಹಾಗಂತ ಮೈಲ್ಸ್ ಆಸೆಗೆ ಮೂರು ನಾಲ್ಕು ಸಾವಿರ ಜಾಸ್ತಿ ಕೊಟ್ಟು ದುಬಾರಿ ಟಿಕೆಟ್ ಕೊಳ್ಳುವುದು ನಷ್ಟ. ಏನು ಬರುತ್ತದೆ ಎಂದು ಗೊತ್ತಿದ್ದರೆ ಸಾಕು.

ಟೂರ್ ಕಂಪನಿಯ ಜೊತೆ ಗುಂಪಿನಲ್ಲಿ ಹೋಗುವವರಿಗೆ ಒಂದು ಮಾತು. ಸಿಂಗಪುರ–ಮಲೇಷ್ಯಾ, ದುಬೈ ಪ್ಯಾಕೇಜ್‌ಗಳಲ್ಲಿ ಸಾಮಾನ್ಯವಾಗಿ ಗ್ರೂಪ್ ಟಿಕೆಟ್ ಇರುತ್ತದೆ. ಅದಕ್ಕೆ ಬಹಳ ಕಡೆ ಮೈಲ್ಸ್ ಇಲ್ಲ. ಎರಡು ಸಲ ದುಬೈಗೆ ಹೋಗಿ ಸೊನ್ನೆ ಬಂದವರಲ್ಲಿ ಇಂಥವರೇ ಹೆಚ್ಚು. ಪ್ಯಾಕೇಜ್ ಅಗ್ಗವಾಗಿದ್ದರೆ ಖುಷಿಯಾಗಿ ಹೋಗಿ ಬನ್ನಿ, ಮೈಲ್ಸ್ ಲೆಕ್ಕ ಬಿಟ್ಟುಬಿಡಿ.

ಹಂತ 6: ನಿಲ್ದಾಣದಲ್ಲಿ ಮತ್ತು ಮನೆಗೆ ಬಂದ ಮೇಲೆ

ಬೋರ್ಡಿಂಗ್ ಪಾಸ್ ಕೈಗೆ ಬಂದ ಕೂಡಲೇ ನಿಮ್ಮ ಹೆಸರಿನ ಆಸುಪಾಸು ನೋಡಿ. ವಿಮಾನಯಾನದ ಎರಡಕ್ಷರ, ಅದರ ಪಕ್ಕ ನಿಮ್ಮ ಸದಸ್ಯತ್ವದ ನಂಬರ್ ಅಚ್ಚಾಗಿರಬೇಕು. ಅಲ್ಲಿ ಖಾಲಿ ಇದ್ದರೆ ಕೌಂಟರ್ ಬಿಟ್ಟು ಕದಲಬೇಡಿ. ನಂಬರ್ ತೋರಿಸಿ, ಸೇರಿಸಲು ಹೇಳಿ. ಅಲ್ಲಿ ನಿಮಿಷದ ಕೆಲಸ, ಆಮೇಲೆ ತಿಂಗಳುಗಟ್ಟಲೆ ಪತ್ರವ್ಯವಹಾರ.

ಬೋರ್ಡಿಂಗ್ ಪಾಸ್ ಎಸೆಯಬೇಡಿ. ಆ ಶಾಯಿ ಬೇಗ ಮಾಸುತ್ತದೆ, ಹಾಗಾಗಿ ಅಲ್ಲೇ ಫೋಟೋ ತೆಗೆಯಿರಿ. ಫೋಟೋವನ್ನು ಸ್ಟೇಟಸ್‌ಗೆ ಮಾತ್ರ ಹಾಕಬೇಡಿ. ಅದರಲ್ಲಿರುವ ಪಿಎನ್ಆರ್ ಮತ್ತು ಬಾರ್‌ಕೋಡ್ ಹಿಡಿದು ಬೇರೆಯವರು ನಿಮ್ಮ ಬುಕಿಂಗ್ ಒಳಗೆ ಕೈ ಹಾಕಬಹುದು. ಇ-ಟಿಕೆಟ್‌ನ 13 ಅಂಕಿಯ ನಂಬರನ್ನೂ ಉಳಿಸಿಕೊಳ್ಳಿ. ಏರ್ ಇಂಡಿಯಾದಾದರೆ ಅದು 098ರಿಂದ ಶುರುವಾಗುತ್ತದೆ.

ಊರಿಗೆ ಬಂದು ಎರಡು ವಾರ ಕಳೆದ ಮೇಲೆ ಖಾತೆ ನೋಡಿ. ಬಂದಿಲ್ಲವೇ? ವೆಬ್‌ಸೈಟ್‌ನಲ್ಲಿ ಮಿಸ್ಸಿಂಗ್ ಮೈಲ್ಸ್ ಅಥವಾ ರೆಟ್ರೋ ಕ್ಲೇಮ್ ಎಂಬ ಅರ್ಜಿ ಇರುತ್ತದೆ. ಟಿಕೆಟ್ ನಂಬರ್, ವಿಮಾನದ ನಂಬರ್, ತಾರೀಖು ತುಂಬಿ, ಬೋರ್ಡಿಂಗ್ ಪಾಸಿನ ಫೋಟೋ ಸೇರಿಸಿ ಕಳಿಸಿ. ಇದಕ್ಕೆ ಗಡುವು ಇದೆ, ಹಲವು ಕಡೆ ಆರು ತಿಂಗಳು. ಅಮೆರಿಕದಲ್ಲಿ ಆರು ತಿಂಗಳು ಇರಲು ಹೋದವರು ಊರಿಗೆ ಬಂದ ಮೇಲೆ ನೋಡಿದರೆ ಹೋಗುವಾಗಿನ ಮೈಲ್ಸ್ ಕೈತಪ್ಪಿರುತ್ತದೆ. ಅಲ್ಲಿ ಇಳಿದ ಮೇಲೆ ಮಗಳ ಮನೆಯಿಂದಲೇ ಅರ್ಜಿ ಹಾಕಿ.

ಹಂತ 7: ಒಂದು ಪಾಯಿಂಟ್‌ನ ಬೆಲೆ ಲೆಕ್ಕ ಹಾಕಿ

ಕಾರ್ಡ್ ಕಡೆಗೆ ಹೋಗುವ ಮೊದಲೇ ಇದು ಗೊತ್ತಿರಬೇಕು. ಪಾಯಿಂಟ್ ಟಿಕೆಟ್ ಎಂದರೆ ಪೂರ್ತಿ ಬಿಟ್ಟಿ ಅಲ್ಲ. ತೆರಿಗೆ, ನಿಲ್ದಾಣದ ಶುಲ್ಕ, ಕೆಲವು ಕಡೆ ಇಂಧನದ ಹೆಚ್ಚುವರಿ ಶುಲ್ಕ ಎಲ್ಲವನ್ನೂ ಕೈಯಿಂದ ಕಟ್ಟಬೇಕು.

ಒಂದು ಕಾಲ್ಪನಿಕ ಲೆಕ್ಕ. ದುಡ್ಡು ಕೊಟ್ಟರೆ ಟಿಕೆಟ್ 7,200 ರೂಪಾಯಿ. ಪಾಯಿಂಟ್‌ನಲ್ಲಾದರೆ 9,000 ಪಾಯಿಂಟ್ ಮತ್ತು 1,200 ರೂಪಾಯಿ. ಉಳಿದದ್ದು 6,000 ರೂಪಾಯಿ. ಅದನ್ನು 9,000ದಿಂದ ಭಾಗಿಸಿದರೆ ಪಾಯಿಂಟ್‌ಗೆ ಸುಮಾರು 67 ಪೈಸೆ. ನಿಮ್ಮ ಪಟ್ಟಿಯಲ್ಲಿರುವ ಊರಿಗೆ, ನಿಮಗೆ ಬೇಕಾದ ತಿಂಗಳಿಗೆ ಇದೇ ರೀತಿ ಲೆಕ್ಕ ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 8: ಈಗ ಕಾರ್ಡ್ ಬಗ್ಗೆ ಯೋಚಿಸಿ

ವರ್ಷಕ್ಕೆ ಎರಡು ಪ್ರಯಾಣದಿಂದ ಬರುವ ಮೈಲ್ಸ್ ಕಮ್ಮಿಯೇ, ಒಪ್ಪುತ್ತೇನೆ. ಖಾತೆ ತುಂಬುವುದು ಕ್ರೆಡಿಟ್ ಕಾರ್ಡ್‌ನಲ್ಲಿ ಮಾಡುವ ದಿನನಿತ್ಯದ ಖರ್ಚಿನಿಂದ, ಅದಕ್ಕೆ ಸಿಗುವ ಪಾಯಿಂಟನ್ನು ವಿಮಾನಯಾನದ ಖಾತೆಗೆ ವರ್ಗಾಯಿಸಬಹುದು. ಆದರೆ ಪ್ರತಿ ತಿಂಗಳೂ ಬಿಲ್ಲಿನ ಪೂರ್ತಿ ಮೊತ್ತ ಕಟ್ಟುವ ಶಿಸ್ತು ಇದ್ದವರಿಗೆ ಮಾತ್ರ. 50,000 ರೂಪಾಯಿ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5ರಂತೆ 1,750 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 2,065. ಅದೇ ಖರ್ಚಿಗೆ ನೂರಕ್ಕೆ ಎರಡು ಪಾಯಿಂಟ್‌ನಂತೆ ಸಿಕ್ಕಿದ್ದು 1,000 ಪಾಯಿಂಟ್, ಅಂದರೆ 67 ಪೈಸೆ ಲೆಕ್ಕದಲ್ಲಿ 670 ರೂಪಾಯಿ. ಕನಿಷ್ಠ ಮೊತ್ತ ಕಟ್ಟುವ ಅಭ್ಯಾಸ ಇರುವವರು ಈ ಹಂತವನ್ನೇ ಬಿಟ್ಟುಬಿಡಿ. ಇದನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಅರ್ಜಿ ಹಾಕುವ ಮೊದಲು ನೋಡಬೇಕಾದ್ದು ಇಷ್ಟು. ವಾರ್ಷಿಕ ಶುಲ್ಕ ಎಷ್ಟು? 5,000 ಎಂದರೆ ಜಿಎಸ್‌ಟಿ ಸೇರಿ 5,900. ಯಾವ ಖರ್ಚಿಗೆ ಪಾಯಿಂಟ್ ಇಲ್ಲ? ಬಹಳ ಕಾರ್ಡ್‌ಗಳಲ್ಲಿ ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕುವ ದುಡ್ಡು, ಸರ್ಕಾರಿ ಪಾವತಿಗಳಿಗೆ ಪಾಯಿಂಟ್ ಇರುವುದಿಲ್ಲ. ವಿದೇಶದಲ್ಲಿ ಉಜ್ಜಿದರೆ ಎಷ್ಟು ಹಿಡಿಯುತ್ತಾರೆ? ಸಾಮಾನ್ಯವಾಗಿ ಶೇ 3.5, ಮೇಲೆ ಜಿಎಸ್‌ಟಿ. ಪಾಯಿಂಟ್ ನೀವು ಆರಿಸಿದ ಯೋಜನೆಗೇ ವರ್ಗವಾಗುತ್ತದೆಯಾ? ಆಗದಿದ್ದರೆ ಆ ಕಾರ್ಡ್ ನಿಮ್ಮ ಕೆಲಸಕ್ಕೆ ಬಾರದು.

ಮಂಡಿಪೇಟೆಯಲ್ಲಿ ಬಟ್ಟೆ ಕೊಳ್ಳುವಾಗ ಕಾರ್ಡ್ ಕೊಟ್ಟರೆ "ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ" ಎನ್ನುವ ಅಂಗಡಿಯವರು ಸಿಗಬಹುದು. ಆಗ ಕಾರ್ಡ್ ಒಳಗಿಡಿ. ನೂರು ರೂಪಾಯಿಗೆ ಎರಡು ರೂಪಾಯಿ ಕೊಟ್ಟು ಒಂದು ರೂಪಾಯಿ ಮೂವತ್ತು ಪೈಸೆ ಚಿಲ್ಲರೆಯ ಪಾಯಿಂಟ್ ಕೊಳ್ಳುವುದು ಯಾವ ವ್ಯಾಪಾರ? ಮೆಷಿನ್ ಇಲ್ಲದೆ ಕ್ಯೂಆರ್ ಮಾತ್ರ ಇರುವ ಅಂಗಡಿಗಳಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡರೆ ನಡೆಯುತ್ತದೆ. ಅದು ಅಂಗಡಿಯ ಹೆಸರಿನ ಕ್ಯೂಆರ್ ಆಗಿರಬೇಕು, ಮಾಲೀಕರ ಸ್ವಂತ ಖಾತೆಯದ್ದಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ದುಡ್ಡಿದ್ದರೂ ಸಂಬಳದ ಚೀಟಿ ಇಲ್ಲ ಎಂದು ಅರ್ಜಿ ವಾಪಸ್ ಬರುವುದುಂಟು. ಬೇರೆ ಬೇರೆ ಬ್ಯಾಂಕಿಗೆ ಮೇಲಿಂದ ಮೇಲೆ ಅರ್ಜಿ ಹಾಕಬೇಡಿ, ಸಾಲ ಕೊಡಲು ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರ್ ಇಳಿಯುತ್ತದೆ. ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯುವ ದಾರಿ ಇದೆ. ಮೊದಲ ವರ್ಷ ಅದನ್ನು ಬಳಸಿ ಸರಿಯಾಗಿ ಕಟ್ಟಿದರೆ ಮುಂದೆ ಒಳ್ಳೆಯ ಕಾರ್ಡ್ ಸಿಗುವುದು ಸುಲಭ.

ಅಪಾಯದ ಗುರುತುಗಳು

"ನಿಮ್ಮ ರಿವಾರ್ಡ್ ಪಾಯಿಂಟ್ ಇಂದೇ ಮುಗಿಯುತ್ತದೆ, ಈ ಫೈಲ್ ಹಾಕಿಕೊಂಡರೆ ನಗದು ಬರುತ್ತದೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅದು ಮೋಸ. ಫೋನ್‌ಗೆ ಆ್ಯಪ್ ಹಾಕುವ ಇಂಥ ಎಪಿಕೆ ಫೈಲ್ ಮುಟ್ಟಲೇಬೇಡಿ. ಮುಟ್ಟಿ ದುಡ್ಡು ಹೋಗಿದ್ದರೆ ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ನಿಮ್ಮ ಮೈಲ್ಸ್ ಕೊಂಡುಕೊಳ್ಳುತ್ತೇವೆ ಎನ್ನುವವರೂ ಇದ್ದಾರೆ. ಮಾರುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಖಾತೆಯೇ ಮುಚ್ಚಿಹೋಗುತ್ತದೆ. ಹೆಚ್ಚು ಹಾರುವ ಸದಸ್ಯರಿಗೆ ಕೊಡುವ ಸಿಲ್ವರ್, ಗೋಲ್ಡ್ ದರ್ಜೆಗೆ ಇನ್ನೊಂದೇ ಪ್ರಯಾಣ ಬಾಕಿ ಎಂಬ ಇಮೇಲ್ ನೋಡಿ ಸುಮ್ನೆ ಒಂದು ಟಿಕೆಟ್ ಕೊಳ್ಳುವುದೂ ಬೇಡ. ವರ್ಷಕ್ಕೆ ಎರಡು ಸಲ ಹಾರುವವರಿಗೆ ಆ ದರ್ಜೆಯಿಂದ ಏನೂ ಗಿಟ್ಟುವುದಿಲ್ಲ.

ಹಂತ 9: ಬಳಸುವುದು

ಕೂಡಿಟ್ಟುಕೊಂಡೇ ಇರಬೇಡಿ. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ 36 ತಿಂಗಳಿಗೆ ಮುಗಿಯುತ್ತದೆ, ನಡುವೆ ಹಾರಿದರೂ ಗಡುವು ಮುಂದಕ್ಕೆ ಹೋಗುವುದಿಲ್ಲ. ಬೇರೆ ಕೆಲವು ಯೋಜನೆಗಳಲ್ಲಿ ಖಾತೆ ಬಹುಕಾಲ ಸುಮ್ಮನೆ ಬಿದ್ದಿದ್ದರೆ ಪಾಯಿಂಟ್ ಹೋಗುತ್ತದೆ. ಗಡುವು ಇಲ್ಲದಿದ್ದರೂ ಒಂದು ಟಿಕೆಟ್‌ಗೆ ಕೇಳುವ ಪಾಯಿಂಟ್ ಏರುತ್ತಲೇ ಇರುತ್ತದೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಖಾತೆಯಲ್ಲಿ ಪಾಯಿಂಟ್ ಇದ್ದವರಿಗೂ ಹತ್ತಲು ಆ ವಿಮಾನವೇ ಇರಲಿಲ್ಲ.

ಮೊದಲು ಸೀಟು ಹುಡುಕಿ, ಆಮೇಲೆ ಕಾರ್ಡ್ ಪಾಯಿಂಟ್ ವರ್ಗಾಯಿಸಿ. ಬಹಳಷ್ಟು ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಾರ್ಡ್‌ನಿಂದ ವಿಮಾನಯಾನಕ್ಕೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ, ವರ್ಗವಾಗಲು ಕೆಲವೊಮ್ಮೆ ದಿನಗಳೇ ಬೇಕು. ದಸರಾ ರಜೆ, ಬೇಸಿಗೆ ರಜೆಗೆ ಪಾಯಿಂಟ್ ಸೀಟು ಸಿಗುವುದು ಕಷ್ಟ. ತಾರೀಖಿನಲ್ಲಿ ಎರಡು ಮೂರು ದಿನ ಹಿಂದೆಮುಂದೆ ಮಾಡಿಕೊಳ್ಳಲು ತಯಾರಿರಿ, ಸಾಧ್ಯವಾದಷ್ಟು ಮುಂಚೆಯೇ ನೋಡಿ.

ಟಿಕೆಟ್ ನಿಮ್ಮ ಹೆಸರಿಗೇ ಮಾಡಬೇಕೆಂದಿಲ್ಲ, ಅಮ್ಮನಿಗೂ ಮಾಡಬಹುದು. ಕ್ರಿಸ್‌ಫ್ಲೈಯರ್‌ನಂಥ ಕಡೆ ಐದು ಜನರ ಹೆಸರನ್ನು ಮೊದಲೇ ನೋಂದಾಯಿಸಿರಬೇಕು. ಅಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ. ಬುಕ್ ಮಾಡುವ ಮೊದಲು ರದ್ದತಿ ಶುಲ್ಕ ಎಷ್ಟು, ರದ್ದಾದರೆ ಪಾಯಿಂಟ್ ವಾಪಸ್ ಬರುತ್ತದೆಯಾ, ಅಷ್ಟರಲ್ಲಿ ಗಡುವು ಮುಗಿದಿದ್ದರೆ ಏನಾಗುತ್ತದೆ ಎಂಬ ಮೂರನ್ನೂ ಓದಿ. ಬುಕ್ ಆದ ಕೂಡಲೇ ಇಮೇಲ್‌ನಲ್ಲಿ ಬಂದ ಟಿಕೆಟ್ ತೆರೆದು ಹೆಸರು, ತಾರೀಖು, ಊರು ತಾಳೆ ನೋಡಿ. ತಪ್ಪಿದ್ದರೆ ಅದೇ ದಿನ ಕರೆ ಮಾಡಿ.